ಹಳ್ಳದಾಚೆಯ ಕೂಗು

ಮಾಳದಹುಂಡಿಗೆ ಹೋಗಿ ಚಿಕ್ಕಬಸಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಕಂಬದ ಬಸಪ್ಪ ಎಂದು ಕೇಳಬೇಕು. ಆಗ ಮೂಗು ಸೋರುವ ಮಕ್ಕಳೂ ಮನೆಯ ಬಾಗಿಲತನಕ ಬಂದು ಬಿಟ್ಟು ಹೋಗುತ್ತವೆ. ಈ ಹೆಸರು ಬಂದು ಎರಡು ವರ್ಷವೂ ಆಗಿಲ್ಲ. ಅದಕ್ಕೂ ಮೊದಲು ಅವನು ಅಟ್ಟಣೆ ಬಸಪ್ಪ. ಅರವತ್ತರ ಹತ್ತಿರದ ಆಳು, ಮೊಣಕಾಲು ಸ್ವಲ್ಪ ಸೋತಿದೆ, ಗಂಟಲು ಮಾತ್ರ ಸೋತಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದವರು ಮಾಳದಹುಂಡಿಗೆ ಆಟೋ ಹಿಡಿದರೆ ಟಾರು ರಸ್ತೆ ಮುಗಿಯುವ ಹೊತ್ತಿಗೆ ಊರು, ಊರು ಮುಗಿಯುವ ಹೊತ್ತಿಗೆ ಹೊಲ, ಹೊಲ ಮುಗಿಯುವ ಹೊತ್ತಿಗೆ ಆನೆ ತಡೆಯುವ ಕಂದಕ. ಕಂದಕದ ಆಚೆಗೆ ಕಾಡು. ಇಂಥ ಊರಲ್ಲಿ ಗಂಟಲಿದ್ದವನಿಗೆ ಯಾವತ್ತೂ ಒಂದು ಮರ್ಯಾದೆ ಇದ್ದೇ ಇರುತ್ತದೆ.

ಬಸಪ್ಪನ ಪ್ರಾಯದ ಕಾಲದಲ್ಲಿ ರಾಗಿ, ಅವರೆ, ಜೋಳ ಬಲಿಯುವ ಹೊತ್ತಿಗೆ ಕಾಡಂಚಿನುದ್ದಕ್ಕೂ ಅಟ್ಟಣೆ ಕಟ್ಟುತ್ತಿದ್ದರು. ಅಟ್ಟಣೆಗೊಬ್ಬ ಕಾವಲಿನವನು. ಆನೆ ಕಂಡವನು ಬಾಯಿಗೆ ಕೈಯಿಟ್ಟು ಕೂಗಬೇಕು. ಆ ಕೂಗು ಊರಿಗೆ ನೇರವಾಗಿ ಕೇಳುವುದಿಲ್ಲ, ಪಕ್ಕದ ಅಟ್ಟಣೆಗೆ ಕೇಳುತ್ತದೆ. ಅವನು ತಾನು ಕಂಡದ್ದನ್ನೂ ಸೇರಿಸಿ ಮುಂದಿನವನಿಗೆ ಕೂಗುತ್ತಾನೆ. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿ ಊರು ಮುಟ್ಟುವಷ್ಟರಲ್ಲಿ ಎಷ್ಟು ಆನೆ, ಯಾವ ಕಡೆ ಎಂಬುದೆಲ್ಲ ಒಂದೇ ಕೂಗಾಗಿರುತ್ತಿತ್ತು. ಆಗ ತಮಟೆ ಬಡಿದು ಊರು ಏಳುತ್ತಿತ್ತು. ಇದಕ್ಕೆ ಕೂಗು ದಾಟಿಸುವುದು ಎನ್ನುತ್ತಿದ್ದರು. ಅದರಲ್ಲಿ ಒಂದು ಕಟ್ಟಳೆ ಇತ್ತು: ಒಂಟಿ ಕೂಗನ್ನು ದಾಟಿಸಬಾರದು. ಪಕ್ಕದವನಿಗೂ ಏನಾದರೂ ಕಂಡಿರಬೇಕು, ಕೇಳಿರಬೇಕು. ಇಲ್ಲದಿದ್ದರೆ ಅವನು ಆ ಕೂಗನ್ನು ಅಲ್ಲೇ ನುಂಗಿಕೊಳ್ಳಬೇಕು. ಗಾಳಿಗೆ ಬಿದಿರು ಮುರಿದರೂ ಬೆದರಿ ಕೂಗುವವರಿಗೆ ಲೋಕದಲ್ಲೇನು ಕಮ್ಮಿಯೇ? ಅಂಥವರ ಮಾತಿಗೆಲ್ಲ ಎದ್ದು ಓಡಿದರೆ ಹಗಲು ಗೇಯುವವರು ಯಾರು?

ಕಟ್ಟಳೆ ಒಳ್ಳೆಯದೇ. ಆದರೆ ಸಾಲಿನ ಕಟ್ಟಕಡೆಗೆ ಒಂದು ಹಳ್ಳ ಇತ್ತು, ಹಳ್ಳದಾಚೆ ಒಂದು ಅಟ್ಟಣೆ ಇತ್ತು. ಅದು ಸಿದ್ದಯ್ಯನದು. ಹಳ್ಳದ ಈಚೆಗಿನ ಅಟ್ಟಣೆ ನಮ್ಮ ಬಸಪ್ಪನದು. ಸಿದ್ದಯ್ಯನ ಕೂಗು ಊರಿಗೆ ಬರಬೇಕಾದರೆ ಬಸಪ್ಪನ ಗಂಟಲಿನ ಮೇಲೇ ಬರಬೇಕು, ಬೇರೆ ದಾರಿಯಿರಲಿಲ್ಲ.

ಸಿದ್ದಯ್ಯ ಆಗಾಗ ಕೂಗುತ್ತಿದ್ದ. ಮೊದಮೊದಲು ಬಸಪ್ಪ ಅದನ್ನು ದಾಟಿಸಿದ್ದೂ ಉಂಟು. ಊರಿನವರು ಪಂಜು ಹಿಡಿದು ಓಡಿಬಂದರೆ ಆನೆಯೂ ಇಲ್ಲ, ಬೆಳೆಗೆ ಬಾಯಿ ಹಾಕಿದ ಗುರುತೂ ಇಲ್ಲ. ಎರಡು ಸಲ ಹಾಗಾಯಿತು. ಮೂರನೆಯ ಸಲದಿಂದ ಬಸಪ್ಪ ಸಿದ್ದಯ್ಯನ ಕೂಗನ್ನು ನುಂಗತೊಡಗಿದ. ಸುಗ್ಗಿ ಮುಗಿದು ಕಾವಲಿನವರೆಲ್ಲ ಒಟ್ಟಿಗೆ ಕೂತು ಮಾಂಸದ ಊಟ ಮಾಡುವಾಗ ಸಿದ್ದಯ್ಯ ನೇರವಾಗಿ ಕೇಳಿಯೇಬಿಟ್ಟ.

"ಯಾಕ್ಲಾ ಬಸ್ಯ, ನಾನ್ ಕೂಗುದ್ದು ನಿಂಗ್ ಕೇಳುಸ್ನಿಲ್ವಾ?"

"ಕೇಳುಸ್ತು ಕಣ್ಲಾ," ಎಂದ ಬಸಪ್ಪ. "ಎಷ್ಟ್ ಪಾಕೀಟ್ ಆಕಿದ್ದೆ ಅದ್ನ ಯೋಳು ಮೊದ್ಲು."

ಎಲೆ ಮುಂದೆ ಕೂತಿದ್ದವರೆಲ್ಲ ಅನ್ನ ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನಕ್ಕರು. ಸಾರಾಯಿ ಪಾಕೀಟಿನ ಕಾಲ ಅದು, ಹಬ್ಬ ಹುಣ್ಣಿಮೆಗೆ ಕುಡಿಯದವರು ಆ ಪಂಕ್ತಿಯಲ್ಲಿ ಒಬ್ಬರೂ ಇರಲಿಲ್ಲ. ಆದರೆ ಮಾತು ಅಂಟಿಕೊಂಡಿದ್ದು ಸಿದ್ದಯ್ಯನೊಬ್ಬನಿಗೆ. ಅವನು ಎಲೆ ಮಡಿಚಿ ಎದ್ದು ಹೋದ. ಮುಂದಿನ ವರ್ಷ ಅಟ್ಟಣೆ ಹತ್ತಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಇದು ಹಾಗೆ ಹೋದ ಮಾತು. ಆಮೇಲೆ ಸಿದ್ದಯ್ಯ ನಿಜವಾಗಿಯೂ ಕುಡುಕನೇ ಆದ, ಹೊಟ್ಟೆ ಊದಿಕೊಂಡು ಕೆಲವು ವರ್ಷಗಳ ಹಿಂದೆ ತೀರಿಯೂ ಹೋದ. ಹಳ್ಳದಾಚೆಯ ಹೊಲದ ಮನೆಯಲ್ಲಿ ಅವನ ಹೆಂಡತಿ ಸುನಂದಮ್ಮ, ಮಗ ಶಶಿಕುಮಾರ ಉಳಿದರು. ಶಶಿಕುಮಾರ ತರಕಾರಿ ಸಾಗಿಸುವ ಗೂಡ್ಸ್ ಆಟೋ ಇಟ್ಟುಕೊಂಡಿದ್ದಾನೆ. ಬಸಪ್ಪ ಸಾವಿಗೆ ಹೋಗಿ ಮಣ್ಣು ಹಾಕಿ ಬಂದವನು ಮತ್ತೆ ಆ ಜಗಲಿ ಹತ್ತಿರಲಿಲ್ಲ. ಜಗಳವೇನೂ ಇಲ್ಲ. ಆ ಕಡೆ ಕೆಲಸ ಬೀಳಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೊಲಕ್ಕೆ ಹೊಲ ತಾಗಿಕೊಂಡ ಊರಲ್ಲಿ ವರ್ಷಗಟ್ಟಲೆ ಕೆಲಸ ಬೀಳದೆ ಇರುತ್ತದೆಯೇ?

ಹೀಗಿರುವಾಗ ಕಂಬಗಳು ಬಂದವು. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಿಂದ ಒಬ್ಬಳು ಹುಡುಗಿ ಬಂದಳು, ನಂದಿತಾ ಅಂತ. ಡಾಕ್ಟರೇಟಿಗೆ ಓದುತ್ತಿದ್ದಳು. ಕಂದಕದ ಉದ್ದಕ್ಕೂ ಆರು ಕಂಬ ನೆಡಿಸಿದಳು. ಪ್ರತಿ ಕಂಬದ ಬುಡದಲ್ಲಿ ನೆಲದ ಅದುರು ಹಿಡಿಯುವ ಸೆನ್ಸರ್, ತಲೆಯ ಮೇಲೆ ಅಂಗೈ ಅಗಲದ ಸೋಲಾರ್ ಹಲಗೆ. ಆನೆ ನಡೆದರೆ ನೆಲ ಅದುರುತ್ತದೆ, ಕಂಬಕ್ಕೆ ಗೊತ್ತಾಗುತ್ತದೆ, ಊರಿನವರ ಫೋನುಗಳು ಕೂಗಿಕೊಳ್ಳುತ್ತವೆ. ಹಾಲಿನ ಡೈರಿ ಮುಂದೆ ಜನ ಸೇರಿಸಿ ಅವಳು ಇದನ್ನು ವಿವರಿಸಿದಳು. ಪ್ರತಿ ಕಂಬವೂ ತನಗೆ ಅನ್ನಿಸಿದ್ದನ್ನೆಲ್ಲ ನೇರವಾಗಿ ಊರಿಗೆ ಕಳಿಸುತ್ತ ಕೂತರೆ ಬ್ಯಾಟರಿ ಬೇಗ ಸತ್ತುಹೋಗುತ್ತದೆ, ದೂರಕ್ಕೆ ಕಳಿಸುವುದಕ್ಕೇ ಹೆಚ್ಚು ಕರೆಂಟು ಬೇಕು. ಅದಕ್ಕೆ ಪ್ರತಿ ಕಂಬ ಪಕ್ಕದ ಕಂಬಕ್ಕೆ ಮಾತ್ರ ಹೇಳುತ್ತದೆ. ಪಕ್ಕದ್ದು ತಾನು ತಿಳಿದದ್ದನ್ನೂ ಕೇಳಿದ್ದನ್ನೂ ಕೂಡಿಸಿ, ಒಂದು ಮಾತು ಮಾಡಿ, ಮುಂದಕ್ಕೆ ದಾಟಿಸುತ್ತದೆ. ಕೊನೆಗೆ ಡೈರಿಯ ಮೇಲಿನ ಪೆಟ್ಟಿಗೆಗೆ ತಲುಪುವುದು ಒಂದೇ ಮಾತು.

ಉಳಿದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಬಸಪ್ಪ ಹಿಂದಿನಿಂದ, "ಇದೇನವ್ವ ಒಸದಾ? ನಾವ್ ಅಟ್ಟಣೇಲಿ ಮಾಡ್ತಿದ್ದುದು ಇದೇಯ," ಎಂದ. ನಂದಿತಾಗೆ ಸಂತೋಷವಾಯಿತು. ಕಂಬ ನೋಡಿಕೊಳ್ಳುವ ಕೆಲಸಕ್ಕೆ ಅವನನ್ನೇ ಹಿಡಿದಳು. ಹಲಗೆ ಒರೆಸುವುದು, ಬಳ್ಳಿ ಹಬ್ಬಿದರೆ ಕೀಳುವುದು, ಏನಾದರೂ ಆದರೆ ಅವಳಿಗೆ ಫೋನು ಮಾಡುವುದು. ಅವನ ಹೆಂಡತಿ ಪುಟ್ಟಸಿದ್ದಮ್ಮ, "ಕಾಡಾನೆಗೆ ಗುಮಾಸ್ತ ಆದ್ನಲ್ಲ ನನ್ ಗಂಡ," ಎಂದು ಕೇರಿಯೆಲ್ಲ ಹೇಳಿಕೊಂಡು ಬಂದಳು. ಬಸಪ್ಪನ ಎದೆಯೂ ಒಂದು ಗೇಣು ಅಗಲವಾಯಿತು.

ಒಂದು ವರ್ಷ ಕಂಬಗಳು ಚೆನ್ನಾಗಿಯೇ ಕೆಲಸ ಮಾಡಿದವು. ಹಿಂಡು ಬಂದಾಗ ಎರಡು ಸಲ ಊರು ಮೊದಲೇ ಎಚ್ಚೆತ್ತು ಜೋಳ ಉಳಿಸಿಕೊಂಡಿತು. ತಲೆನೋವಾಗಿದ್ದು ಆರನೆಯ ಕಂಬ. ಅದು ಹಳ್ಳದಾಚೆ, ಹಿಂದೆ ಸಿದ್ದಯ್ಯನ ಅಟ್ಟಣೆ ಇದ್ದ ಮೂಲೆಯಲ್ಲೇ ಇತ್ತು. ಅದು ಒಂದೇ ಸಮ ಕೂಗುತ್ತಿತ್ತು. ಪಕ್ಕದ ಐದನೆಯ ಕಂಬ ತಣ್ಣಗಿರುವಾಗಲೂ ಇದು ಕೂಗುತ್ತಿತ್ತು. ಊರಿನವರ ಫೋನು ಬಡಿದುಕೊಳ್ಳುವುದು, ಜನ ಎದ್ದು ಪಟಾಕಿ ಹಿಡಿದು ಬರುವುದು, ಆನೆ ಬೆಳೆಗೆ ಬರದೇ ಇರುವುದು. ಡೈರಿ ಕಾರ್ಯದರ್ಶಿ ಲಿಂಗರಾಜು ಹಾಲು ಅಳೆಯುತ್ತ, "ಬಸಪ್ಪಣ್ಣ, ನಿನ್ ಆರ್ನೇ ಕಂಬಕ್ಕೆ ಸಿದ್ದಯ್ಯನ್ ದೆವ್ವ ಮೆಟ್ಕಂಡದೆ ಕಣ," ಎಂದ. ಸಾಲಿನಲ್ಲಿದ್ದವರು ನಕ್ಕರು. ಬಸಪ್ಪನೂ ನಕ್ಕ.

ನಂದಿತಾ ಬಂದಾಗ ಜನ ಅವಳನ್ನು ಮುತ್ತಿಕೊಂಡರು. ಒಂದೋ ಆ ಕಂಬದ ಬಾಯಿ ಮುಚ್ಚಿಸು, ಇಲ್ಲ ಎಲ್ಲವನ್ನೂ ಕಿತ್ತುಕೊಂಡು ಹೋಗು ಎಂದರು. ಅವಳು ಬಸಪ್ಪನನ್ನು ಒಂದು ಕಡೆಗೆ ಕರೆದಳು.

"ಬಸಪ್ಪನವರೇ, ನಿಯಮ ಬದಲಾಯಿಸಬಹುದು. ಪಕ್ಕಪಕ್ಕದ ಎರಡು ಕಂಬ ಒಪ್ಪಿದರೆ ಮಾತ್ರ ಫೋನಿಗೆ ಬರೋ ಹಾಗೆ ಮಾಡ್ತೀನಿ. ಆದರೆ ಅದಕ್ಕೆ ಮೊದಲು ಆರನೇ ಕಂಬ ಸುಮ್ಮನೆ ಕೂಗ್ತಿದೆಯೋ, ನಿಜವಾಗಿ ಏನಾದರೂ ಅಲ್ಲಿ ಓಡಾಡ್ತಿದೆಯೋ ಗೊತ್ತಾಗಬೇಕು. ಅದು ಕೂಗಿದ ಮಾರನೇ ಬೆಳಗ್ಗೆ ನೀವು ಹೋಗಿ ನೋಡಿ. ಹೆಜ್ಜೆ, ಲದ್ದಿ, ಏನಾದರೂ. ಕೆಲವು ಸಲ ನೋಡಿ ನನಗೆ ಹೇಳಿ."

ಬಸಪ್ಪ ಹೂಂ ಎಂದ. ಹೋಗಬೇಕೆಂದೇ ಇದ್ದ. ಕಂಬ ಕೂಗಿದ ಮಾರನೆಯ ಬೆಳಗ್ಗೆ ಹೆಗಲಿಗೆ ಟವಲು ಹಾಕಿಕೊಂಡು ಹಳ್ಳದ ತನಕ ಹೋದ. ಅಲ್ಲಿಂದ ಮುಂದೆ ಕಾಲುದಾರಿ ಸುನಂದಮ್ಮನ ಅಂಗಳದ ಮೇಲೇ ಹೋಗುತ್ತದೆ. ಅವಳು ಅಂಗಳದಲ್ಲಿ ದನ ಕಟ್ಟುತ್ತಿದ್ದುದು ಕಂಡಿತು. ಕಂಡರೆ ಅಣ್ಣ ಬಾ ಎನ್ನುತ್ತಾಳೆ, ಕೂರಬೇಕು, ಗೋಡೆಯ ಮೇಲಿನ ಸಿದ್ದಯ್ಯನ ಫೋಟೋ ಎದುರಿಗೇ ಇರುತ್ತದೆ. ಬಸಪ್ಪ ಹಳ್ಳದ ದಡದಲ್ಲಿ ಒಂದು ಬೀಡಿ ಸೇದಿ ವಾಪಸ್ಸು ಬಂದ. ಆ ಮೂಲೆ ತನಗೆ ಗೊತ್ತಿಲ್ಲದ್ದೇ? ಸಿದ್ದಯ್ಯನ ಕಾಲದಿಂದಲೂ ಅದು ಹಾಗೆಯೇ, ಇಲ್ಲದ್ದಕ್ಕೆ ಕೂಗುವ ಮೂಲೆ. ಮತ್ತೊಂದು ಸಲ ಹಳ್ಳದ ತನಕವೂ ಹೋಗಲಿಲ್ಲ. ನಂದಿತಾ ಫೋನು ಮಾಡಿದಳು.

"ನೋಡಿದ್ರಾ?"

"ನೋಡ್ದೆ ಕಣವ್ವ. ಏನೂ ಇಲ್ಲ ಅಲ್ಲಿ. ದನ ಗಿನ ಓಡಾಡ್ತವೆ ಅಷ್ಟೇಯ."

"ಖಂಡಿತಾನಾ?"

"ಮೂವತ್ ವರ್ಷದಿಂದ ನೋಡಿಲ್ವಾ ನಾನು?"

ಅವಳು ಆ ಮಾತನ್ನು ನಂಬಿದಳು. ಮಾರನೆಯ ದಿನವೇ ಹೊಸ ನಿಯಮ ಹಾಕಿದಳು. ಆರನೆಯ ಕಂಬದ ಕೂಗು ಐದನೆಯದರ ಹತ್ತಿರ ಬಂದು ಅಲ್ಲೇ ನಿಲ್ಲತೊಡಗಿತು. ಊರು ನೆಮ್ಮದಿಯಾಗಿ ಮಲಗಿತು. ಲಿಂಗರಾಜು, "ದೆವ್ವ ಬುಡುಸ್ಬುಟ್ಟಲ್ಲ ಬಸಪ್ಪಣ್ಣ," ಎಂದು ಹೊಗಳಿದ.

ಇಷ್ಟರಲ್ಲೇ ನಿಂತಿದ್ದರೆ ಬಸಪ್ಪನ ಸುಳ್ಳು ಲೋಕದ ಲಕ್ಷ ಸುಳ್ಳುಗಳಲ್ಲಿ ಒಂದಾಗಿ ಕರಗಿ ಹೋಗುತ್ತಿತ್ತು. ಆದರೆ ಅವರೆಕಾಯಿ ಕಾಲ ಬಂತು. ಒಂದು ಸಂಜೆ ಸುನಂದಮ್ಮ ಹಾಲು ಹಾಕಲು ಡೈರಿಗೆ ಬಂದವಳು ಬಸಪ್ಪನನ್ನು ಕಂಡು ಹತ್ತಿರ ಬಂದಳು.

"ಅಣ್ಣ, ನಾಳೀಕೆ ಕಾಯಿ ಬುಡುಸ್ಬೇಕು. ಮಗ ಬೆಳಗಾಗೆದ್ದು ಗಾಡಿ ಒಡೀತಾನೆ, ಅಷ್ಟೊತ್ತಿಗ್ ಮೂಟೆ ಕಟ್ಟಿರ್ಬೇಕು. ಮಬ್ಬುಗತ್ಲಲ್ಲಿ ಒಲಕ್ ಇಳೀಬೋದಾ? ನಿನ್ ಕಂಬ ಏನಂದದೆ?"

"ಫೋನ್ ಕೂಗ್ನಿಲ್ಲ ಅಂದ್ರೆ ಆನೆ ಇಲ್ಲ ಅಂತ್ಲೇ ಕಣವ್ವ. ಧೈರ್ಯವಾಗ್ ಇಳಿ," ಎಂದ ಬಸಪ್ಪ.

ಅವಳು ಧೈರ್ಯವಾಗಿಯೇ ಇಳಿದಳು. ಮಂಜು ಕವಿದಿತ್ತು. ಅವರೆ ಸಾಲಿನ ನಡುವೆ ಬಗ್ಗಿ ಕಾಯಿ ಬಿಡಿಸುತ್ತಿದ್ದಾಗ ಬೇಲಿಯ ಮಗ್ಗುಲಿನಿಂದ ಒಂಟಿ ಸಲಗ ಬಂತು. ಅದು ಬೆಳೆಗೆ ಬಂದದ್ದಲ್ಲ, ತನ್ನ ದಾರಿಯಲ್ಲಿ ತಾನು ಹೋಗುತ್ತಿತ್ತು. ಮಂಜಿನೊಳಗಿಂದ ಇದ್ದಕ್ಕಿದ್ದಂತೆ ಮನುಷ್ಯಾಕೃತಿ ಎದ್ದು ಓಡಿದ್ದು ಕಂಡು ಬೆದರಿ ಸೊಂಡಿಲು ಬೀಸಿತು. ಸುನಂದಮ್ಮ ಹಾರಿ ಬದುವಿನ ಕಲ್ಲಿನ ಮೇಲೆ ಬಿದ್ದಳು, ತೊಡೆಯ ಮೂಳೆ ಮುರಿಯಿತು. ಶಶಿಕುಮಾರ ಗಾಡಿಯ ದೀಪ ಹಾಕಿ ಹಾರನ್ನು ಒತ್ತಿ ಹಿಡಿದಿದ್ದರಿಂದ ಅದು ಹಿಂದಿರುಗಿತು. ಜೀವ ಉಳಿಯಿತು. ಆರನೆಯ ಕಂಬ ಆ ಹೆಜ್ಜೆಗಳನ್ನೆಲ್ಲ ಹಿಡಿದಿತ್ತು, ಹಿಡಿದದ್ದನ್ನು ಐದನೆಯ ಕಂಬಕ್ಕೆ ಹೇಳಿತ್ತು. ಐದನೆಯ ಕಂಬಕ್ಕೆ ಏನೂ ಅನ್ನಿಸಿರಲಿಲ್ಲ. ಹಾಗಾಗಿ ಅದು ಹೇಳಿಕೊಟ್ಟ ಹಾಗೆ ಸುಮ್ಮನಿತ್ತು.

ಬಸಪ್ಪ ಹೋಗುವಷ್ಟರಲ್ಲಿ ಸುನಂದಮ್ಮನನ್ನು ಗಾಡಿಯಲ್ಲಿ ಮಲಗಿಸಿದ್ದರು. ಶಶಿಕುಮಾರ ಸ್ಟೇರಿಂಗ್ ಹಿಡಿದವನು ತಲೆ ಹೊರಗೆ ಹಾಕಿ, "ಬಸಪ್ಪಣ್ಣ, ನಿಮ್ ಕಂಬ ಯಾಕ್ ಕೂಗ್ನಿಲ್ಲ?" ಎಂದು ಕೇಳಿದ. ಅದರಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದವನು ಗೊತ್ತಿದ್ದವನನ್ನು ಕೇಳಿದ ಹಾಗಿತ್ತು. ಬಸಪ್ಪ ಗಾಡಿಯ ಹಿಂದಿನ ಹಲಗೆ ಎತ್ತಿ ಕೊಂಡಿ ಹಾಕಿದ. ಗಾಡಿ ತಾಲೂಕು ಕೇಂದ್ರ ಕೋಟೆಯ ಆಸ್ಪತ್ರೆ ಕಡೆಗೆ ಹೋಯಿತು, ಅಲ್ಲಿಂದ ಮೈಸೂರಿಗೆ.

ನಂದಿತಾ ಅವತ್ತೇ ಓಡಿಬಂದಳು. ಡೈರಿ ಮುಂದೆ ಜನ ರೇಗಿ ನಿಂತಿದ್ದರು. ಕೆಲವು ವಾರಗಳ ಹಿಂದೆ ಕಂಬದ ಬಾಯಿ ಮುಚ್ಚಿಸು ಎಂದವರೇ ಈಗ ಅದು ಬಾಯಿ ಬಿಡಲಿಲ್ಲವೆಂದು ಬೈಯುತ್ತಿದ್ದರು. ಆ ಹುಡುಗಿ ನೆಪ ಹೇಳಲಿಲ್ಲ. "ನಿಯಮ ಮಾಡಿದ್ದು ನಾನು. ತಪ್ಪು ನನ್ನದು. ಸರಿಪಡಿಸಬೇಕು ಅಂತ ಇದೆ, ಆದರೆ ನೀವು ಬೇಡ ಅಂದ್ರೆ ಹದಿನೈದು ದಿನದಲ್ಲಿ ಬಂದು ಎಲ್ಲ ಬಿಚ್ಚಿಕೊಂಡು ಹೋಗ್ತೀನಿ," ಎಂದಳು. ಬೇಡವೇ ಬೇಡ ಎಂದರು ಜನ. ಬಸಪ್ಪ ಹುಣಸೆ ಮರದ ಬುಡದಲ್ಲಿ ಟವಲು ತಿರುಚುತ್ತ ನಿಂತಿದ್ದ. ಯಾರೋ, "ನೋಡ್ಕಳೋರ್ ಸರಿಯಾಗ್ ನೋಡ್ಕಂಡಿದ್ರೆ ಇಂಗಾಗ್ತಿತ್ತಾ," ಎಂದದ್ದು ಕಾಲೇಜಿನವರ ಬಗ್ಗೆ. ಕುಂಬಳಕಾಯಿ ಕಳ್ಳನ ಹಾಗೆ ಬಸಪ್ಪ ಹೆಗಲು ಮುಟ್ಟಿ ನೋಡಿಕೊಂಡ. ಅವನ ಕಡೆಗೆ ಯಾರೂ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಊಟ ಸೇರದಾಯಿತು. ಪುಟ್ಟಸಿದ್ದಮ್ಮ ಮುದ್ದೆ ಇಟ್ಟರೆ ಅದನ್ನು ಮುರಿದು ಮುರಿದು ತಟ್ಟೆಯ ಸುತ್ತ ಇಡುವನು. "ಕಾಲ್ ಮುರ್ದಿರೋದು ಅವ್ಳ್ದು, ನೀನ್ಯಾಕ್ ಇಂಗಾಡಿಯೆ?" ಎಂದಳು ಅವಳು. ಅವನು ತಟ್ಟೆ ಸರಿಸಿ ಎದ್ದ. ಎದ್ದವನು ಸೀದಾ ಹಳ್ಳ ದಾಟಿದ. ಸುನಂದಮ್ಮನ ಮನೆಗೆ ಬೀಗ ಹಾಕಿತ್ತು, ನೋಡುವವರು ಯಾರೂ ಇರಲಿಲ್ಲ. ಅಂಗಳ ಹಾದು ಆರನೆಯ ಕಂಬದ ಹತ್ತಿರ ಹೋದ.

ಹುಡುಕುವ ಕೆಲಸವೇ ಇರಲಿಲ್ಲ. ಕಂಬದಿಂದ ನಾಲ್ಕು ಮಾರು ಆಚೆ ಕಂದಕದ ದಡ ಕುಸಿದು ಇಳಿಜಾರಾಗಿತ್ತು. ಅಲ್ಲಿಂದ ಬೇಲಿಯ ಮಗ್ಗುಲು ಹಿಡಿದು ಅಣೆಕಟ್ಟಿನ ಹಿನ್ನೀರಿನ ಕಡೆಗೆ ಒಂದು ದಾರಿ, ಹುಲ್ಲು ಬೆಳೆಯದ ಹಾಗೆ ಸವೆದದ್ದು. ಹೊಸ ಲದ್ದಿಯ ಪಕ್ಕದಲ್ಲೇ ಒಣಗಿದ ಲದ್ದಿ, ಅದರ ಪಕ್ಕದಲ್ಲಿ ಗೆದ್ದಲು ತಿಂದು ಪುಡಿಯಾದದ್ದು. ದಾರಿಯ ಮಗ್ಗುಲಿನ ಮತ್ತಿ ಮರಕ್ಕೆ ಮೈ ಉಜ್ಜಿ ಉಜ್ಜಿ, ಆಳಿನ ಎತ್ತರಕ್ಕಿಂತ ಮೇಲೆ, ಕೆಸರು ಪದರ ಪದರವಾಗಿ ಅಂಟಿ ಒಣಗಿತ್ತು. ಬಸಪ್ಪ ಉಗುರಿನಿಂದ ಕೆರೆದ. ಕೆಸರಿನ ಒಳಗೆ ತೊಗಟೆಯೇ ಸವೆದು ಕಾಂಡ ನುಣುಪಾಗಿತ್ತು. ಇದು ಒಂದು ವರ್ಷದ ಕೆಲಸವಲ್ಲ. ಹಿಂಡಿಗೆ ಸೇರದ ಸಲಗಗಳು ಒಂದರ ಹಿಂದೆ ಒಂದು ತಲೆಮಾರಿನಿಂದ ಈ ದಾರಿಯಲ್ಲಿ ನೀರಿಗೆ ಹೋಗಿವೆ. ಬೆಳೆಗೆ ಬಾಯಿ ಹಾಕದೆ ಹೋಗಿವೆ, ಹಾಗಾಗಿ ಪಂಜು ಹಿಡಿದು ಬಂದವರಿಗೆ ಬೆಳೆಯಲ್ಲಿ ಗುರುತು ಸಿಕ್ಕಿರಲಿಲ್ಲ. ಬೇಲಿಯ ಹೊರಗೆ ಯಾರೂ ನೋಡಿರಲಿಲ್ಲ.

ಬಸಪ್ಪ ಹಿಂದಿರುಗಿ ಐದನೆಯ ಕಂಬದ ಕಡೆ ನೋಡಿದ. ನಡುವೆ ಹಳ್ಳ ಆಳವಾಗಿ ಬಿದ್ದಿತ್ತು. ಆರನೆಯ ಕಂಬದ ಕಡೆಯ ನೆಲದ ಅದುರು ಐದನೆಯದಕ್ಕೆ ಹೇಗೆ ಮುಟ್ಟೀತು? ಆ ಐದನೆಯದು ಇದ್ದಲ್ಲೇ ಹಿಂದೆ ಅವನ ಅಟ್ಟಣೆ ಇದ್ದದ್ದು. ಹಳ್ಳದ ಬಿದಿರು ಮೆಳೆ ದಾಟಿ ಅವನ ಕಣ್ಣಾದರೂ ಹೇಗೆ ಮುಟ್ಟೀತು? ಸಿದ್ದಯ್ಯ ಕಂಡದ್ದನ್ನು ಕಂಡ ಹಾಗೆ ಕೂಗಿದ್ದ. ಪಕ್ಕದವನಿಗೆ ಕಾಣುವ ಸಂಭವವೇ ಇಲ್ಲದ ಜಾಗದಲ್ಲಿ ಪಕ್ಕದವನ ಸಾಕ್ಷಿ ಕೇಳಿದ್ದರು. ಆ ಪಕ್ಕದವನು ತಾನು. ಬಸಪ್ಪ ಮತ್ತಿ ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಸುನಂದಮ್ಮನ ಕಾಲಿನ ವಿಷಯ ಹೇಗಾದರೂ ತಡೆದುಕೊಂಡಾನು, ಇದನ್ನು ಹೇಗೆ ತಡೆದುಕೊಳ್ಳುವುದು ಎಂದು ಅವನಿಗೆ ತಿಳಿಯಲಿಲ್ಲ. ಮನೆಗೆ ಹೋಗಿ ಹೆಂಡತಿಗೂ ಹೇಳಲಿಲ್ಲ.

ಮೈಸೂರಿನಲ್ಲಿ ತೊಡೆಗೆ ರಾಡು ಹಾಕಿ ಸುನಂದಮ್ಮನನ್ನು ಮನೆಗೆ ಕಳಿಸಿದರು. ಬಸಪ್ಪ ಹೋದಾಗ ಅವಳು ಹಜಾರದಲ್ಲಿ ಮಂಚದ ಮೇಲಿದ್ದಳು, ಎದುರಿಗೆ ಸಿದ್ದಯ್ಯನ ಫೋಟೋ. ಬಸಪ್ಪ ಕೂರಲಿಲ್ಲ.

"ಸುನಂದವ್ವ, ನಿನ್ತಾವ ಒಂದ್ ಮಾತ್ ಯೋಳ್ಬೇಕು. ಆ ಮೇಡಮ್ಮು ಮೂಲೇಗ್ ಓಗಿ ನೋಡ್ಕಬಾ ಅಂದಿದ್ರು. ನಾನ್ ಓಗ್ನಿಲ್ಲ. ಓಗಿ ನೋಡ್ದೆ, ಏನೂ ಇಲ್ಲ ಅಂತ ಸುಳ್ ಯೋಳ್ಬುಟ್ಟೆ. ಅದ್ಕೇ ಕಂಬದ್ ಬಾಯಿ ಕಟ್ಟುದ್ರು."

ಸುನಂದಮ್ಮ ಸೂರಿನ ಕಡೆ ಕಣ್ಣು ತಿರುಗಿಸಿದಳು. "ಆಗೋದ್ ಆಯ್ತು ಬುಡಣ್ಣ. ಮೂಳೆ ಕೂಡ್ಕತದೆ ಅಂದವ್ರೆ ಡಾಕ್ಟ್ರು," ಎಂದಳು.

ಬಸಪ್ಪನಿಗೆ ಒಂದು ಗಳಿಗೆ ಉಸಿರು ಹಗುರಾಯಿತು. ಅಷ್ಟಕ್ಕೇ ಕೈಮುಗಿದು ಹೊರಡಬಹುದಿತ್ತು. ಬಾಗಿಲ ಕಡೆಗೆ ತಿರುಗಿಯೂ ಇದ್ದ. ಆದರೆ ತಿರುಗಿದ ಕಣ್ಣಿಗೆ ಫೋಟೋ ಬಿತ್ತು.

"ಇನ್ನೊಂದದೆ ಕಣವ್ವ," ಎಂದ. "ಆಮ್ಯಾಕ್ ಓಗಿ ನೋಡ್ದೆ. ಅಲ್ಲಿ ಒಂಟಿ ಆನೆ ದಾರಿ ಅದೆ. ಇವತ್ತಿಂದಲ್ಲ, ನಮ್ಮ ಕಾಲ್ದಿಂದ್ಲೂ ಅದೆ. ಮರದ್ ತೊಗಟೆ ಸವ್ದೋಗದೆ. ಸಿದ್ದಯ್ಯ ಕೂಗ್ತಿದ್ದುದು ದಿಟ. ಅವ್ನ್ ಕುಡ್ದು ಕೂಗ್ತಿರ್ನಿಲ್ಲ. ನಾನೇಯ ಆ ಕೂಗ್ನ ನುಂಗ್ಬುಟ್ಟೆ."

ಅವಳು ಮೊಣಕೈ ಊರಿ ಏಳಲು ನೋಡಿದಳು. ನೋವಿಗೆ ಮುಖ ಕಿವುಚಿತು.

"ಏನಂದೆ?"

ಬಸಪ್ಪ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು.

"ಅವ್ರು ನನ್ ಕೈ ಇಡ್ಕಂಡ್ ಯೋಳೋರು," ಎಂದಳು ಸುನಂದಮ್ಮ. "ಸುನಂದಾ, ನಾನ್ ಕಣ್ಣಾರ ನೋಡ್ದೆ ಕಣೆ, ಬೆಟ್ಟದಂಗಿತ್ತು ಅಂತ. ನಾನ್ ಮಕ ತಿರುಗುಸ್ಕಂಡ್ ಮನೀಕತಿದ್ದೆ. ಊರೋರೆಲ್ಲ ಇಲ್ಲ ಅನ್ವಾಗ ಇವ್ರೊಬ್ರಿಗೇ ಎಂಗ್ ಕಾಣ್ತದೆ ಅಂತ. ಕುಡುಕ ಅಂದೆ ಕಣಣ್ಣ, ನಾನೂವೆ ಅಂದೆ. ಅಬ್ಬಕ್ ಕುಡೀತಿದ್ದೋರು, ಅಂಗ್ ಅನ್ನುಸ್ಕಂಡ್ ಮ್ಯಾಲೆ ದಿನಾ ಕುಡುದ್ರು. ಸಾಯೋ ದಿನ್ವೂ ಅಂದಿದ್ದೆ."

ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಕಾಲು ಮುರಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ ಎಂದು ಶಶಿಕುಮಾರ ಆಮೇಲೆ ಹೇಳಿದ. ಬಸಪ್ಪ ನಿಂತಲ್ಲೇ ನೆಲಕ್ಕೆ ಕುಸಿದು, "ತಪ್ಪಾಯ್ತು ಕಣವ್ವ," ಎಂದ.

"ನನ್ತಾವ ಯಾಕ್ ಯೋಳೀಯೆ?" ಎಂದಳು ಅವಳು ಕಣ್ಣೊರೆಸಿಕೊಂಡು. "ಅವತ್ತು ನೀನ್ ಆ ಮಾತಾಡುದ್ದು ಅತ್ ಜನದ್ ಮುಂದೆ. ಅಲ್ಲೇ ಓಗ್ ಯೋಳು."

ಮರುವಾರ ನಂದಿತಾ ಕಂಬ ಬಿಚ್ಚಲು ಬಂದಳು. ಸಂಜೆ ಹಾಲಿನ ಹೊತ್ತು, ಡೈರಿ ಮುಂದೆ ಕ್ಯಾನು ಹಿಡಿದವರ ಸಾಲಿತ್ತು. ಬಸಪ್ಪ ಸಾಲಿನ ಮುಂದಕ್ಕೆ ಹೋಗಿ ನಿಂತ. ಅಟ್ಟಣೆಯಿಂದ ಅಟ್ಟಣೆಗೆ ಕೇಳಿಸುವಂತೆ ಕೂಗಿದ ಗಂಟಲು ಅವತ್ತು ಮುಂದಿನ ಸಾಲಿಗೂ ಸರಿಯಾಗಿ ಕೇಳಿಸಲಿಲ್ಲ. "ಜೋರಾಗ್ ಯೋಳಣ್ಣ," ಎಂದು ಲಿಂಗರಾಜು ರೇಗಿದ. ಬಸಪ್ಪ ಜೋರಾಗಿ ಹೇಳಿದ. ಹೋಗದೆಯೇ ಹೋಗಿ ನೋಡಿದೆ ಎಂದದ್ದು, ದಾರಿ ಕಂಡದ್ದು, ಪಾಕೀಟಿನ ಮಾತು, ಎಲ್ಲವನ್ನೂ.

ಲಿಂಗರಾಜು ಅಳತೆ ಪಾತ್ರೆ ಕೆಳಗಿಟ್ಟು, "ಸತ್ತೋನ್ ಇಚಾರ ಈಗ್ಯಾಕ್ ಬುಡಣ್ಣ. ಆಗ ನಾವೆಲ್ರೂವೆ ಅಂಗೇ ಅಂದೊ," ಎಂದ.

"ನೀವು ನನ್ ಮಾತ್ ಕೇಳಿ ಅಂದ್ರಿ," ಎಂದ ಬಸಪ್ಪ. "ನಾನ್ ಯಾರ್ ಮಾತ್ ಕೇಳಿ ಅಂದೆ?"

ನಂದಿತಾ ಅವನನ್ನೇ ನೋಡುತ್ತಿದ್ದಳು. ಅವಳ ಮುಖ ಕೆಂಪಾಗಿತ್ತು. "ನೀವು ನೋಡಿದ್ದೀರಿ ಅಂದಿದ್ದಕ್ಕೆ ನಾನು ಹಾಕಿದ್ದು. ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ ನಾನು, ಬಸಪ್ಪನವರೇ. ಒಂದು ಫೋನ್ ಮಾಡೋಕೆ ಆಗಲಿಲ್ವಾ ನಿಮಗೆ?" ಎಂದಳು. ಅವನು ತಲೆ ತಗ್ಗಿಸಿದ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ, ಅವನು ನಿರೀಕ್ಷಿಸಲೂ ಇಲ್ಲ. ಕಂಬ ಬಿಚ್ಚುವುದನ್ನು ಬಿಟ್ಟು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಹೊಸ ನಿಯಮ ಹೇಳಿದಳು. ಐದು ಕಂಬಗಳು ಮೊದಲಿನ ಹಾಗೇ ಕೂಡಿಸಿ ಹೇಳಿಕೊಳ್ಳಲಿ, ಬ್ಯಾಟರಿ ಉಳಿಯುತ್ತದೆ. ಹಳ್ಳದಾಚೆಯದನ್ನು ಮಾತ್ರ ಅವುಗಳ ಜೊತೆ ಕಲಸುವಂತಿಲ್ಲ. ಅದು ಒಂದೇ ಕೂಗಿದರೂ ಊರಿಗೆ ಬರಬೇಕು, ಬಂದಾಗಲೆಲ್ಲ ಯಾರಾದರೂ ಹೋಗಿ ನೋಡಬೇಕು. ಜನ ಗೊಣಗಿದರು. ಒಂದು ಮನೆಗೋಸ್ಕರ ಊರೆಲ್ಲ ಎದ್ದು ಕೂರಬೇಕೇ ಎಂದರು. ನೋಡುವವನು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದು ಬಸಪ್ಪ ಒಪ್ಪಿಕೊಂಡ. ಕಂಬಗಳು ಉಳಿದವು.

ಹತ್ತು ದಿನ ಕಳೆದು ಒಂದು ಸಂಜೆ ಕತ್ತಲಾಗುತ್ತಿದ್ದಂತೆಯೇ ಆರನೆಯ ಕಂಬ ಕೂಗಿತು. ಊರಿನ ಫೋನುಗಳೆಲ್ಲ ಬಡಿದುಕೊಂಡವು. ಬಸಪ್ಪ ಟಾರ್ಚು, ಪಟಾಕಿ ಹಿಡಿದು ಮೊಣಕಾಲು ಎಳೆಯುತ್ತ ಹಳ್ಳ ದಾಟಿದ. ಕಂಬದ ಬುಡದಲ್ಲಿ ಊರೊಳಗಿನ ಮರಮ್ಮ ಎಂಬವಳ ಎಮ್ಮೆ ಗೂಟ ಕಿತ್ತುಕೊಂಡು ಬಂದು ಮೈ ತಿಕ್ಕುತ್ತಿತ್ತು. ಅದನ್ನು ಅಟ್ಟಿ, ದಾರಿಯುದ್ದಕ್ಕೂ ಬೆಳಕು ಹಾಕಿ ಹೊಸ ಹೆಜ್ಜೆ ಇಲ್ಲವೆಂದು ನೋಡಿಕೊಂಡು, ಊರಿಗೆ ಫೋನು ಮಾಡಿದ. ಲಿಂಗರಾಜು ಬೈದ. ಬಸಪ್ಪ ಪೂರ್ತಿ ಬೈಸಿಕೊಂಡು ಫೋನು ಇಟ್ಟ.

ಸುನಂದಮ್ಮ ಊರುಗೋಲು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಏನಣ್ಣ?"

"ಎಮ್ಮೆ ಕಣವ್ವ. ಮರಮ್ಮುಂದು."

"ನೀನೇ ಓಗಿ ನೋಡ್ದಾ?"

"ನಾನೇ ನೋಡ್ದೆ. ಮರದ್ ತನ್ಕ ಓಗಿದ್ದೆ."

ಅವಳು ಕಾಡಿನ ಕಡೆ ತಿರುಗಿದಳು. ಮುಂದಿನ ಮಾತನ್ನು ಸಿಟ್ಟಿನಿಂದ ಆಡಲಿಲ್ಲ, ಲೆಕ್ಕ ತಪ್ಪಿದ್ದನ್ನು ತನಗೂ ಸೇರಿಸಿ ಹೇಳಿಕೊಳ್ಳುವವಳ ಹಾಗೆ ಮೆಲ್ಲಗೆ ಆಡಿದಳು.

"ಅವ್ರ್ ಕೂಗ್ದಾಗ ಒಂದ್ ಸಲನಾರ ಇಂಗೇ ಓಗಿ ನೋಡಿದ್ರೆ ಆಗ್ತಿತ್ತಲ್ವಾ ಅಣ್ಣ?"

ಬಸಪ್ಪನ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಿದ. "ಆಗ್ತಿತ್ತು ಕಣವ್ವ," ಎಂದ.